ಐವತ್ತೆರಡು ನಂಬರಿನ ಅಯಸ್ಕಾಂತ

ರಾಯದುರ್ಗ
ಶುಕ್ರವಾರ

ಜೀನ್ಸ್ ಯೂನಿಟ್ಟಿನ ಮಾಲೀಕರಾದ ಉಜ್ಜಿನಪ್ಪನವರಿಗೆ, ಚೆಕಿಂಗ್ ಟೇಬಲ್ಲಿನ ಹನುಮಕ್ಕ ಮಾಡುವ ನಮಸ್ಕಾರಗಳು.

ಬಟ್ಟೆಯಲ್ಲಿ ಮುರಿದ ಸೂಜಿ ಹುಡುಕಲು ಈಗಿನಂಥ ಅಯಸ್ಕಾಂತವನ್ನೇ ಇನ್ನೆರಡು ತರಲು ನಾಳೆ ಬಳ್ಳಾರಿಗೆ ಹೋಗುತ್ತೀರೆಂದು ತಿಳಿಯಿತು. ದಯವಿಟ್ಟು ತರಬೇಡಿರಿ. ಅದರ ಮೇಲಿನ 52 ಎಂಬುದು ಒಳಗಿನ ಲೋಹದ ದರ್ಜೆಯಂತೆ. ಎಷ್ಟು ದೂರದಿಂದ ಎಳೆಯುತ್ತದೆ ಎಂಬುದಲ್ಲ. ಡಬ್ಬಿಯ ಮೇಲೆ ಬರೆದ ಮೂರು ಕೆಜಿ ಎಳೆತವೂ ದಪ್ಪ ಕಬ್ಬಿಣಕ್ಕೆ ನೇರ ಅಂಟಿಸಿ ಅಳೆದದ್ದು. ಸ್ಪೀಕರ್ ರಿಪೇರಿಯ ಮಾರುತಿ ಹೇಳಿದ: "ಬರೇ ನಂಬರ್ ನೋಡಿ ಒಯ್ಯಬ್ಯಾಡ್ರಿ ಅಕ್ಕಾ. ಅಯಸ್ಕಾಂತದ ಬಿಲ್ಲಿ ತೆಳ್ಳಗಿದ್ರ, ನಡುವ ಬಟ್ಟಿ ಬಂದ ಕೂಡ್ಲೆ ಎಳೆಯೋದು ಬಿಟ್ಟುಬಿಡ್ತೈತಿ."

ನಂಬದೆ ನಾನೇ ನೋಡಿದೆ. ಸೂಜಿಯ ಮೊನೆಯೊಂದನ್ನು ಸೊಂಟಪಟ್ಟಿಯ ಮಡಿಕೆಯೊಳಗಿಟ್ಟು ನಮ್ಮ ಅಯಸ್ಕಾಂತ ಆಡಿಸಿದೆ. ಮೂರು ಸಲವೂ ಮೊನೆ ಅಲುಗಲಿಲ್ಲ. ಮಾರುತಿ ಕೊಟ್ಟ ಹಳೆ ಸ್ಪೀಕರಿನ ದಪ್ಪ ಅಯಸ್ಕಾಂತ ಹಿಡಿದರೆ, ಮೊನೆ ಮಡಿಕೆಯೊಳಗೇ ಸರಿದು ಅದರ ಹಿಂದೆ ಬಂತು.

ಆದ್ದರಿಂದ ಅಂಗಡಿಗೆ ಒಂದು ಪ್ಯಾಂಟು, ಒಂದು ಮುರಿದ ಸೂಜಿ ಒಯ್ಯಿರಿ. ಬಟ್ಟೆಯ ಮೇಲಿಂದ ಎಳೆಯಿಸಿ ನೋಡಿಯೇ ಕೊಳ್ಳಿರಿ. ಈ ವಾರ ನಾನು ಚೆಕ್ ಮಾಡಿದ ಮಕ್ಕಳ ಪ್ಯಾಂಟುಗಳನ್ನು ಹೊಸ ಅಯಸ್ಕಾಂತದಿಂದ ಮತ್ತೆ ನೋಡುವವರೆಗೆ ಕಳಿಸಬೇಡಿರಿ.

ಹೋದ ತಿಂಗಳು ಮಗುವಿನ ಪ್ಯಾಂಟಿನಲ್ಲಿ ಸೂಜಿ ಸಿಕ್ಕಿತೆಂದು ಪಾಪಕ್ಕನನ್ನು ಕೆಲಸದಿಂದ ಬಿಡಿಸಿದಿರಿ. "ನಾ ಆಡಿಸೀನ್ರಿ, ಖರೇನ ಆಡಿಸೀನ್ರಿ" ಎಂದು ಆಕೆ ಅತ್ತಳು. ಅಯಸ್ಕಾಂತ ಆಡಿಸಲಿಲ್ಲ ಎಂದು ನಿಮಗೆ ಹೇಳಿದವಳು ನಾನು. ಆ ಹೊತ್ತು ನಾನು ಆಕೆಯ ಕಡೆ ನೋಡಿಯೇ ಇರಲಿಲ್ಲ.

ಈಗ ನಾನು ಕೂರುವುದು ಆಕೆಯ ಕುರ್ಚಿಯಲ್ಲಿ. ಸೋಮವಾರ ಅದನ್ನು ಖಾಲಿ ಮಾಡಿಟ್ಟಿರುತ್ತೇನೆ. ಆಕೆಗೆ ಹೇಳಿ ಕಳಿಸಿರಿ.

ಇಂತಿ,
ಹನುಮಕ್ಕ