ಉಝ್ಮಾ ಹೊಲಿದ ಗುಂಡಿ

ಅಮ್ಮ,

ಕಾಲೇಜಿನಲ್ಲಿ ನನ್ನ ಮೊದಲ ಸ್ಥಾನ ಉಳಿಯಿತೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಬಿ.ಎಡ್.ನ ಕೊನೆಯ ಪರೀಕ್ಷಾ ಪಾಠ ಇಂದು ನಿಟ್ಟೂರಿನ ಶಾಲೆಯಲ್ಲಿ ಮುಗಿಯಿತು. ನಾನು ಆರಿಸಿಕೊಂಡ ವಿಷಯ ಅಂಗಿಗೆ ಗುಂಡಿ ಹೊಲಿಯುವುದು. ಮರಳೂರಿನವರ ರವಿಕೆಗಳನ್ನೆಲ್ಲ ಹೊಲಿದ ನೀನಿದ್ದಿದ್ದರೆ ನಗುತ್ತಿದ್ದೆ.

ಎರಡನೆಯ ಮತ್ತು ಏಳನೆಯ ತರಗತಿಯ ಮಕ್ಕಳನ್ನು ಜೋಡಿಯಾಗಿ ಕೂರಿಸಿ ಒಂದು ನಿಯಮ ಮಾಡಿದ್ದೆ: ದೊಡ್ಡವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಾಯಲ್ಲಷ್ಟೇ ಕಲಿಸಬೇಕು.

“ಹಿಂಗಾದ್ರೆ ಒಂದು ಗುಂಡೀನೂ ನಿಲ್ಲಲ್ಲಮ್ಮ, ದೊಡ್ಡವ್ರ ಕೈಗೆ ಕೊಟ್ಬಿಡಿ” ಎಂದರು ಪರೀಕ್ಷಕರು. ನಾನು ಕೊಡಲಿಲ್ಲ.

“ಕೆಳಗಿಂದ ಚುಚ್ಚು ಕಣೇ, ಕೆಳಗಿಂದ!” ಎಂದು ಏಳನೆಯ ತರಗತಿಯ ಉದಯಕುಮಾರ ಕುಳಿತಲ್ಲೇ ಚಡಪಡಿಸುತ್ತಿದ್ದ.

“ಸುಮ್ನಿರಣ್ಣ, ನೀನು ಕಿರುಚಿದ್ರೆ ಸೂಜಿ ಹೆದ್ರುತ್ತೆ” ಎಂದಳು ಅವನ ಜೋಡಿಯ ಪುಟ್ಟ ಉಝ್ಮಾ. ಮನೆಯಿಂದ ತಂದಿದ್ದ ಅಂಗಿಯ ಎರಡೂ ಅಂಚುಗಳನ್ನು ತಪ್ಪಾಗಿ ಗುಂಡಿಯೊಡನೆ ಸೇರಿಸಿ ಹೊಲಿದಳು, ಬಿಚ್ಚಿದಳು, ಮತ್ತೆ ಹೊಲಿದಳು. ಅವನ ಕೈ ಮುಂದೆ ಬಂದು, ನನ್ನನ್ನು ಕಂಡು ಹಿಂದೆ ಸರಿಯಿತು. ಕೊನೆಗೆ ಪರೀಕ್ಷಕರು ಗುಂಡಿಯನ್ನು ಜಗ್ಗಿ ನೋಡಿದರು, ಅದು ಅಲುಗಲಿಲ್ಲ. ಹಾಳೆಯಲ್ಲಿ ಪೂರ್ತಿ ಅಂಕ ಬರೆದು ನನಗೆ ತೋರಿಸಿದರು.

ಆ ನಿಯಮ ಎಲ್ಲಿಯದೆಂದು ಅವರು ಕೇಳಿದರು. ಯಾವುದೋ ಪುಸ್ತಕದ್ದೆಂದೆ. “ಕೊಡೇ ಇಲ್ಲಿ, ನೀನು ಹೋಗಿ ಓದ್ಕೋ” ಎನ್ನುತ್ತ ನೀನು ನನ್ನ ಕೈಯಿಂದ ಸೂಜಿ ತೆಗೆದುಕೊಳ್ಳುತ್ತಿದ್ದುದನ್ನು ಹೇಳಲಿಲ್ಲ. ನಾನು ಓದಿದೆನಲ್ಲ, ಅಮ್ಮ. ಗುಂಡಿ ಹೊಲಿಯುವುದನ್ನು ಮಾತ್ರ ಕಲಿತದ್ದು ನೀನು ಹೋದ ಮೇಲೆ, ಮೊಬೈಲ್ ನೋಡಿ.

ಗಂಟೆ ಹೊಡೆದೊಡನೆ ಉಝ್ಮಾ ಅಂಗಿಯನ್ನು ಎದೆಗವಚಿಕೊಂಡು, “ಮಿಸ್, ಅಮ್ಮಿಗೆ ತೋರಿಸ್ತೀನಿ” ಎಂದು ಓಡಿದಳು. ನಾನು ಮರಳೂರಿಗೆ ಬಂದು, ಕೈಕಾಲು ತೊಳೆಯುವ ಮೊದಲೇ ನಿನಗೆ ಬರೆಯಲು ಕುಳಿತೆ.