ಹೊಸ್ತಿಲಿನ ನೀರು ಏರು ಹತ್ತುವುದಿಲ್ಲ

ಅಮೆರಿಕದ ಏಪೆಕ್ಸ್ ಊರಿನ ನಮ್ಮ ಬಡಾವಣೆ ಸಂಘದ ಮಾನ್ಯ ಅಧ್ಯಕ್ಷರೇ,

ನಿನ್ನೆಯೂ ಅದೇ ಕನಸು ಬಿತ್ತು. ನಾನು ಚೊಂಬಿನಿಂದ ಹೊಸ್ತಿಲಿಗೆ ನೀರು ಹಾಕುತ್ತೇನೆ, ನೀರು ನೆಲ ಮುಟ್ಟುವ ಮೊದಲೇ ಗಾಜಾಗುತ್ತದೆ, ಆ ಗಾಜಿನ ಮೇಲೆ ನನ್ನ ಮಗಳ ಕಾರು ಸದ್ದೇ ಇಲ್ಲದೆ ಅಡ್ಡಡ್ಡ ಬರುತ್ತದೆ. ಕೂಗೋಣವೆಂದು ಬಾಯಿ ತೆರೆದರೆ ಬಾಯಿಯೊಳಗೂ ಐಸು. ಈ ಕನಸನ್ನು ನನಗೆ ಕೊಟ್ಟವರು ನೀವು. ಜನವರಿಯಲ್ಲಿ ನನ್ನ ಮಗಳು ಸುರಕ್ಷಾಳ ಕಾರು ನಮ್ಮ ರಸ್ತೆಯಲ್ಲಿ ಜಾರಿ ಅವಳ ಕೈ ಮುರಿಯಿತಲ್ಲ, ಅದಕ್ಕೆ ಕಾರಣ ನಾನು ದಿನಾ ಬೆಳಿಗ್ಗೆ ಬಾಗಿಲಿಗೆ ಹಾಕುವ ನೀರು ಎಂದು ಸಂಘದ ನೋಟಿಸಿನಲ್ಲಿ ಬರೆದಿದ್ದೀರಿ. ತಾಯಿಯೇ ಮಗಳ ಕೈ ಮುರಿದಳು ಎಂದು ಬರೆದು ಸಹಿ ಹಾಕುವಾಗ ನಿಮಗೆ ಒಂದು ಚೂರೂ ಹೇಸಿಗೆ ಆಗಲಿಲ್ಲವೇ?

ನಾನು ಗುಲಾಬಿ, ಉಪ್ಪಿನಂಗಡಿ ಕಡೆಯವಳು, ಆರನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟವಳು. ಬರೆದದ್ದರಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ, ತಿದ್ದುವ ಅಭ್ಯಾಸ ನಿಮಗೂ ಸ್ವಲ್ಪ ಆಗಲಿ. ಮಗಳ ಕೈಯಲ್ಲಿ ಇಂಗ್ಲಿಷಿನಲ್ಲಿ ಬರೆಸಬಹುದಿತ್ತು, ಆದರೆ ಅವಳು ಖಾರವನ್ನೆಲ್ಲ ತೆಗೆದುಬಿಡುತ್ತಾಳೆ. ನೀವು ಮೈಸೂರಿನವರು, ಕನ್ನಡ ಬಲ್ಲವರು. ಇಲ್ಲಿನ ಕನ್ನಡ ಕೂಟದ ಪತ್ರಿಕೆಯಲ್ಲಿ ಬಂದರೆ ನಿಮ್ಮ ಜೊತೆ ಇನ್ನೂ ನಾಲ್ಕು ಮನೆಯವರು ಓದುತ್ತಾರೆ.

ಕಾರು ಜಾರಿದ ಹಿಂದಿನ ದಿನದಿಂದಲೇ ಟಿ.ವಿ. ಬಾಯಿ ಬಡಿದುಕೊಳ್ಳುತ್ತಿತ್ತು, ಮಳೆ ಬಿದ್ದಲ್ಲೇ ಹೆಪ್ಪುಗಟ್ಟುತ್ತದೆ, ರಸ್ತೆಗೆ ಇಳಿಯಬೇಡಿ ಎಂದು. ಅಂಗಡಿಗಳಲ್ಲಿ ಹಾಲು, ಬ್ರೆಡ್ಡು ಖಾಲಿ. ಆಗ ನೀವು ವಾಟ್ಸಾಪ್ ಗ್ರೂಪಿನಲ್ಲಿ ಹಾಕಿದ್ದೇನು? ‘ಎಲ್ಲರೂ ಮನೇಲೇ ಇರಿ, ಬಜ್ಜಿ ಮಾಡ್ಕೊಂಡು ಎಂಜಾಯ್ ಮಾಡಿ.’ ದೊಡ್ಡ ಉಪಕಾರವಾಯಿತು. ನಿಮ್ಮದು ಲ್ಯಾಪ್‌ಟಾಪಿನ ಕೆಲಸ, ನನ್ನ ಮಗಳದ್ದು ನರ್ಸ್ ಕೆಲಸ. ಹಾಸಿಗೆ ಹಿಡಿದ ರೋಗಿಯನ್ನು ಮಗ್ಗುಲು ಬದಲಿಸಿ ಮಲಗಿಸುವುದನ್ನು ಮನೆಯಲ್ಲೇ ಬಜ್ಜಿ ತಿನ್ನುತ್ತ ಮಾಡುವ ಉಪಾಯ ನಿಮ್ಮ ಸಂಘದಲ್ಲಿ ಯಾರಿಗಾದರೂ ಗೊತ್ತಿದೆಯೇ?

ರಾತ್ರಿ ಡ್ಯೂಟಿ ಮುಗಿಸಿ ಬೆಳಿಗ್ಗೆ ಅವಳು ಅಷ್ಟು ದೂರದಿಂದ ಮೆಲ್ಲ ಮೆಲ್ಲ ಬಂದಳು. ದೊಡ್ಡ ರಸ್ತೆಗೆ ಐಸು ಕರಗಲೆಂದು ನಗರಸಭೆಯವರು ಉಪ್ಪು ಹಾಕಿಸಿದ್ದರು, ಅಲ್ಲಿ ಏನೂ ಆಗಲಿಲ್ಲ. ಕಾರು ಜಾರಿದ್ದು ನಮ್ಮ ಬಡಾವಣೆಯ ಒಳಗೆ, ನಿಮ್ಮ ಸಂಘದ ರಸ್ತೆಯಲ್ಲಿ. ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಪೆಡಲ್ಲು ಕಾಲಿನಡಿಯಲ್ಲಿ ಗಡಗಡ ನಡುಗಿತಂತೆ. ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೂ ಕಾರು ನೆಟ್ಟಗೆ ಹೋಗಿ ಟಪಾಲು ಪೆಟ್ಟಿಗೆಗಳ ಕಂಬಕ್ಕೆ ಹೊಡೆಯಿತು. ಆ ಸದ್ದಿಗೆ ನಾನು ಓಡಿ ಬಂದೆ. ಓಡಿದ್ದೆಲ್ಲಿ, ಎರಡು ಹೆಜ್ಜೆಗೆ ಬಿದ್ದೆ, ಆಮೇಲೆ ಹುಲ್ಲು ಹಿಡಿದುಕೊಂಡು ತೆವಳಿದೆ. ಉಪ್ಪಿನಕಾಯಿಗೆಂದು ಇಟ್ಟಿದ್ದ ಕಲ್ಲುಪ್ಪನ್ನು ತಂದು ಚೆಲ್ಲಿದ ಮೇಲೆಯೇ ಆಂಬುಲೆನ್ಸಿನವರಿಗೆ ಕಾಲೂರಲು ಆದದ್ದು. ಆ ದಿನ ನಿಮ್ಮ ರಸ್ತೆ ಕಂಡ ಉಪ್ಪು ಅಷ್ಟೇ.

ನೀವೂ ಬಂದಿರಿ, ಒಂದು ಕೈಯಲ್ಲಿ ಕಾಫಿ, ಇನ್ನೊಂದರಲ್ಲಿ ಫೋನು. ನನ್ನ ಮಗಳ ಕೈ ಜೋತಾಡುತ್ತಿರುವಾಗ ನೀವು ನಮ್ಮ ಬಾಗಿಲಿನ ರಂಗೋಲಿಯ ಫೋಟೋ ತೆಗೆಯುತ್ತಿದ್ದಿರಿ.

‘ಆಂಟಿ, ನೀವು ದಿನಾ ನೀರು ಹಾಕ್ತೀರಲ್ವಾ, ಅದೇ ಐಸ್ ಆಗಿರೋದು. ಇದು ನಮ್ಮೂರಲ್ಲ ಆಂಟಿ. ನಮ್ಮನೇಲಿ ನೋಡಿ, ಸ್ಟಿಕರ್ ರಂಗೋಲಿ. ನೀರೇ ಬೇಡ.’

ನೋವಿನಲ್ಲೂ ಸುರಕ್ಷಾ ಸುಮ್ಮನಿರಲಿಲ್ಲ. ‘ಸರ್, ಉಪ್ಪು ಯಾಕೆ ಹಾಕಿಸ್ಲಿಲ್ಲ?’

‘ಎರಡು ಇಂಚು ಸ್ನೋ ಬಿದ್ರೆ ಮಾತ್ರ ಕಂಟ್ರಾಕ್ಟರ್ ಬರ್ತಾನಮ್ಮ. ಇದು ಬರೀ ಐಸು. ಅಳೆಯೋಕೆ ಇಂಚೇ ಇಲ್ಲ. ಇದೇನು ಅಷ್ಟು ಚಳಿ ಊರೂ ಅಲ್ಲ, ಯಾವಾಗ್ಲೋ ಒಂದ್ಸಲ ಬರೋದು.’

‘ಹಾಗಾದ್ರೆ ಐಸು ಎರಡಿಂಚು ದಪ್ಪ ಆಗುವವರೆಗೆ ನಾನು ಆಸ್ಪತ್ರೆಯಲ್ಲೇ ಕಾಯ್ಬೇಕಿತ್ತಾ ಸರ್?’

ಅದಕ್ಕೆ ನೀವು ಕಾಫಿ ಕುಡಿದಿರಿ.

ನಾನು ಮೊದಲೇ ಹೆದರುಪುಕ್ಕಲಿ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಮೂರು ಸಲ ಎದ್ದು ನೋಡುವವಳು. ನಿಮ್ಮಂಥ ಓದಿದವರು ಬರೆದುಕೊಟ್ಟ ಮೇಲೆ ನಂಬದೆ ಇರುತ್ತೇನೆಯೇ? ಬಾಗಿಲಿಗೆ ನೀರು ಹಾಕುವುದನ್ನು ಬಿಟ್ಟೆ. ಪ್ಲಾಸ್ಟರ್ ಹಾಕಿದ ಕೈಯ ಮಗಳಿಗೆ ಗಂಜಿ ತಿನ್ನಿಸುವಾಗ ಅವಳ ಮುಖ ನೋಡಲು ಆಗುತ್ತಿರಲಿಲ್ಲ. ಕೊನೆಗೆ ಅವಳೇ ಗದರಿದಳು, ‘ಎಂತ ಅಮ್ಮ ನೀನು? ಒಂದು ಚೊಂಬು ನೀರಲ್ಲಿ ಇಡೀ ರಸ್ತೆ ಐಸ್ ಮಾಡ್ಲಿಕ್ಕೆ ಬರುವುದಾದ್ರೆ ಸ್ಕೇಟಿಂಗಿನವರು ನಿನ್ನನ್ನು ಸಂಬಳ ಕೊಟ್ಟು ಕರ್ಕೊಂಡು ಹೋಗ್ತಾರೆ ಮಾರಾಯ್ತಿ.’ ನಕ್ಕೆ. ನಿದ್ದೆ ಮಾತ್ರ ಬರಲಿಲ್ಲ.

ಕಡೆಗೆ ಒಂದು ಬಿಸಿಲಿನ ದಿನ ಚೊಂಬಲ್ಲ, ಬಕೆಟ್ಟು ತುಂಬಿಸಿ ತಂದು ಹೊಸ್ತಿಲಿಗೆ ಸುರಿದೆ. ನೀರಿನ ಹಿಂದೆಯೇ ನಡೆದೆ. ಮೆಟ್ಟಿಲಿಳಿಯಿತು, ಕಾರು ನಿಲ್ಲಿಸುವ ಜಾಗ ದಾಟಿತು, ಕೆಳಗಿನ ಚರಂಡಿಯ ಕಂಡಿಗೆ ಬಿತ್ತು. ತಿರುವಿನ ಕಡೆಗೆ ಒಂದು ಹನಿಯೂ ಹೋಗಲಿಲ್ಲ. ಹೇಗೆ ಹೋದೀತು? ತಿರುವು ಇರುವುದು ನಮ್ಮ ಮನೆಗಿಂತ ಮೇಲೆ. ನಿಮ್ಮ ಸಂಘದ ಮಾತನ್ನು ಮನುಷ್ಯರು ಕೇಳುತ್ತಾರೆ ಸರಿ, ನೀರು ಕೂಡ ಕೇಳಿ ಏರು ಹತ್ತುತ್ತದೆಯೇ? ಅಲ್ಲೇ ಚರಂಡಿ ಪಕ್ಕ ಕೂತು ಅತ್ತೆ. ನನ್ನಿಂದ ಆದದ್ದಲ್ಲ ಎಂಬ ಸಮಾಧಾನಕ್ಕೆ ಅರ್ಧ, ಅಷ್ಟು ದಿನ ನಿಮ್ಮನ್ನು ನಂಬಿದ ಅಸಹ್ಯಕ್ಕೆ ಅರ್ಧ.

ನಾನು ಕೇಳುವುದು ಇಷ್ಟು. ನೋಟಿಸನ್ನು ವಾಪಸು ತೆಗೆದುಕೊಳ್ಳಿ. ಎರಡು ಇಂಚಿನ ಶಾಸ್ತ್ರ ಬಿಟ್ಟು, ಮಳೆ ಹೆಪ್ಪುಗಟ್ಟುತ್ತದೆ ಎಂದು ಹೇಳಿದ ದಿನವೇ ತಿರುವಿಗೆ ಉಪ್ಪು ಹಾಕಿಸಿ. ಸುರಕ್ಷಾಳ ಪ್ಲಾಸ್ಟರ್ ಬಿಚ್ಚಿದ್ದಾರೆ, ಬರುವ ವಾರ ಅವಳು ಮತ್ತೆ ರಾತ್ರಿ ಡ್ಯೂಟಿಗೆ ಹೋಗುತ್ತಾಳೆ. ಅದೇ ವಾರ ಮತ್ತೆ ಅಂಥದೇ ಮಳೆ ಎಂದು ಟಿ.ವಿ.ಯಲ್ಲಿ ಹೇಳುತ್ತಿದ್ದಾರೆ. ನನ್ನ ಚೊಂಬಿನ ಮೇಲೆ ತಪ್ಪು ಹೊರಿಸಿ ನೀವು ಸುಮ್ಮನೆ ಕೂತರೆ, ಅವಳು ಇಳಿದು ಬರಬೇಕಾದದ್ದು ಅದೇ ತಿರುವಿನಲ್ಲಿ.

ಅದಕ್ಕೂ ಮೊದಲು, ನೋಟಿಸಿನಲ್ಲಿ ‘ಅಪಘಾತದ ಸ್ಥಳಕ್ಕಿಂತ ಮೇಲಿರುವ ಮನೆ’ ಎಂದು ಬರೆದಿದ್ದೀರಲ್ಲ, ಅದೊಂದನ್ನು ದಯವಿಟ್ಟು ಇನ್ನೊಮ್ಮೆ ಬಂದು ನೋಡಿ. ಫೋಟೋದಲ್ಲಿ ಅಲ್ಲ, ನಡೆದು ಬಂದು.

ಇಂತಿ,
ತಿರುವಿನ ಕೆಳಗಿನ ಮನೆಯ
ಗುಲಾಬಿ