ಬ್ಯಾರನ್ ಲೆಕ್ಕ

ಹುಣಸೂರು
20 ಜೂನ್ 1999

ಮುನಿಸಿನ ರಾಣಿ ಸುಧಾಳಿಗೆ,

ನೀನೂ, ಮಹೇಂದ್ರ ಅವರೂ, ಮಗಳು ಪುಟ್ಟಿಯೂ ಚೆನ್ನಾಗಿದ್ದೀರೆಂದು ನಂಬಿಯೇ ಶುರು ಮಾಡುತ್ತೇನೆ. ನಾನಿಲ್ಲಿ ಬಹಳ ಖುಷಿಯಲ್ಲಿದ್ದೇನೆ, ಸ್ವಲ್ಪ ಭಯದಲ್ಲೂ ಇದ್ದೇನೆ. ಭಯ ನೀನು ಅರ್ಧಕ್ಕೆ ಬಿಟ್ಟ ಪಿಎಚ್.ಡಿ.ಯದು.

ಮೊದಲು ಖುಷಿ. ಸಾವಿರ ಸಮೀಕರಣ ಬಿಡಿಸಲು ಮೈಸೂರಿನ ದೊಡ್ಡ ಕಂಪ್ಯೂಟರ್ ಯಂತ್ರದ ಮುಂದೆ ವಾರಗಟ್ಟಲೆ ಸರದಿ ಕಾಯುತ್ತಿದ್ದೆವಲ್ಲ, ಅದರಲ್ಲಿದ್ದ ಲೈಬ್ರರಿಯನ್ನು, ಅಂದರೆ ಅಂಕಿಗಳ ಚೌಕವಾದ ಮಾತೃಕೆಯನ್ನು ಬಿಡಿಸುವ ಫೋರ್ಟ್ರಾನ್ ಪ್ರೋಗ್ರಾಮುಗಳ ಇಡೀ ಗಂಟನ್ನು, ನಮ್ಮ ಕಾಲೇಜಿನ ಮೇಜಿನ ಮೇಲಿನ ಕಂಪ್ಯೂಟರಿಗೆ ತಂದಿದ್ದೇನೆ. ವಿಂಡೋಸ್ 98 ಅದನ್ನು ಸುಲಭಕ್ಕೆ ಒಳಗೆ ಬಿಟ್ಟುಕೊಳ್ಳಲಿಲ್ಲ; ನಾಲ್ಕು ತಿಂಗಳು ನನ್ನ ತಲೆ ತಿಂದಿತು.

ಕೊನೆಗೆ ಪ್ರೋಗ್ರಾಮು ಓಡಿತು, ಆದರೆ ಉತ್ತರ ಗೊತ್ತಿದ್ದ ಪುಟ್ಟ ಲೆಕ್ಕವೂ ಹನ್ನೊಂದು ದಿನ ತಪ್ಪಾಗಿಯೇ ಬಂತು. ಬೇಸತ್ತು ಊರಿಗೆ ಹೋದೆ. ತಂಬಾಕು ನಾಟಿ ಮುಗಿದಿತ್ತು. ಸತ್ತ ಸಸಿ ಎಷ್ಟೆಂದು ಎಣಿಸಲು ಅಪ್ಪ ನನ್ನನ್ನು ಹೊಲಕ್ಕೆ ಇಳಿಸಿದರು. ನಾನು ಪುಸ್ತಕ ಓದುವವಳಂತೆ ಎಡದಿಂದ ಬಲಕ್ಕೆ ಸಾಲು ದಾಟುತ್ತಾ ಎಣಿಸಿದೆ. "ಅಂಗೆ ಅಡ್ಡಡ್ಡ ಓಗ್‌ಬ್ಯಾಡ ಕಣವ್ವ. ಒಂದು ಸಾಲು ಇಡ್ಕಂಡು ಕೊನೆಗಂಟ ಓಗು, ಆಮ್ಯಾಕೆ ಇನ್ನೊಂದು" ಎಂದು ಗದರಿದರು. ಅಲ್ಲೇ ನಿಂತುಬಿಟ್ಟೆ. ಫೋರ್ಟ್ರಾನ್ ಓದುವುದೂ ಹಾಗೆಯೇ, ಮೇಲಿನಿಂದ ಕೆಳಕ್ಕೆ ಒಂದು ಕಂಬಸಾಲು ಮುಗಿಸಿಯೇ ಮುಂದಿನದಕ್ಕೆ. ನಾನು ಅಂಕಿಗಳನ್ನು ಅಡ್ಡಸಾಲಾಗಿ ಕೊಡುತ್ತಿದ್ದೆ. ಕಾಲೇಜಿಗೆ ಬಂದು ತಿದ್ದಿದೆ, ಸರಿಯಾಯಿತು.

ಇನ್ನು ಭಯ. ಆರು ವರ್ಷದ ಹಿಂದೆ ನಿನಗೆ ಜ್ವರ ಬಂದಿದ್ದಾಗ ನಿನ್ನ ಅಂಕಿಗಳನ್ನು ಆ ಯಂತ್ರಕ್ಕೆ ಹಾಕಿದವಳು ನಾನು. ತಂಬಾಕಿನ ಎಲೆ ಬೇಯಿಸಿ ಒಣಗಿಸುವ ಬ್ಯಾರನ್ ಮನೆಯೊಳಗೆ ಬಿಸಿಗಾಳಿ ಹೇಗೆ ಏರುತ್ತದೆಂಬ ಲೆಕ್ಕ. ಉತ್ತರದಲ್ಲಿ ಬಿಸಿಗಾಳಿ ಸೂರಿನಿಂದ ನೆಲಕ್ಕಿಳಿದಿತ್ತು. ಗೈಡ್ ನಕ್ಕರು. ನೀನು ಕಾಗದವನ್ನೆಲ್ಲ ನನ್ನ ಕೈಗೆ ಕೊಟ್ಟು, ಇದು ನನ್ನಂಥವಳಿಗಲ್ಲ ಎಂದು ಹಾರನಹಳ್ಳಿಗೆ ಹೊರಟುಹೋದೆ.

ನಿನ್ನೆ ಅದೇ ಅಂಕಿಗಳನ್ನು ಕಂಬಸಾಲಾಗಿ ಕೊಟ್ಟೆ. ಗಾಳಿ ಮೇಲಕ್ಕೇರಿತು ಸುಧಾ! ಅಂದೂ ನಾನು ಅಡ್ಡಸಾಲಾಗಿಯೇ ಟೈಪ್ ಮಾಡಿದ್ದೆ. ನಿನ್ನದು ಒಂದು ಚುಕ್ಕೆಯೂ ತಪ್ಪಿರಲಿಲ್ಲ, ತಪ್ಪೆಲ್ಲ ನನ್ನದು. ಚೆನ್ನಾಗಿ ಅತ್ತೆ, ಆಮೇಲೆ ಕಾಫಿ ಮಾಡಿಕೊಂಡು ಕುಡಿದೆ.

ಬೈಯುವುದಿದ್ದರೆ ಬಂದೇ ಬೈ. ಬರುವ ಭಾನುವಾರ ಪುಟ್ಟಿಯನ್ನೂ ಕರೆದುಕೊಂಡು ಹುಣಸೂರಿನ ಬಸ್ಸು ಹತ್ತು. ಇನ್ನು ಮೈಸೂರಿಗೆ ಅಲೆಯಬೇಕಿಲ್ಲ, ಉಳಿದ ಲೆಕ್ಕವೆಲ್ಲ ಇಲ್ಲೇ ಆಗುತ್ತದೆ. ಪ್ರಬಂಧ ಬರೆದು ಮುಗಿಸು.

ನಿನ್ನ ಕೈಲಿ ಬೈಸಿಕೊಳ್ಳಲು ಕಾದಿರುವ,
ಪ್ರಮೀಳಾ

ತಾ.ಕ.: ನೋಂದಣಿ ಯಾವತ್ತೋ ರದ್ದಾಗಿರುತ್ತದೆ ಎನ್ನಬೇಡ. ಪ್ರತಿ ಜನವರಿಯಲ್ಲೂ ನಿನ್ನ ಹೆಸರಿನಲ್ಲಿ ಪ್ರಗತಿ ವರದಿ ಬರೆದು ಕಳಿಸಿದ್ದೇನೆ, ನಿನ್ನ ಸಹಿಯನ್ನೂ ನಾನೇ ಹಾಕಿ. ಮಾಡಿದ್ದು ಸರಿಯಲ್ಲ, ಗೊತ್ತು. ಡಿಸೆಂಬರ್ ಕೊನೆಯವರೆಗೆ ನೀನಿನ್ನೂ ಸಂಶೋಧನಾ ವಿದ್ಯಾರ್ಥಿನಿಯೇ. ನಿನ್ನ ಲೆಕ್ಕ ತಪ್ಪೆಂದು ನಾನು ಒಂದು ದಿನವೂ ನಂಬಿರಲಿಲ್ಲ ಕಣೇ.